ಬಿಡಿ ಫಾರಂಗಳಲ್ಲಿ ಬಂದ ಕಡಲು

2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಈದುಲ್ ಫಿತ್ರ್ ಮರುದಿನವೇ. ಗಾಂಧಿ ಬಜಾರಿನ ಫುಟ್‌ಪಾತಿನ ಮೇಲೆ ಮಾವಿನೆಲೆ, ಬೇವಿನ ಹೂವು. ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ನಮ್ಮ ಚಾಮರಾಜಪೇಟೆಯಲ್ಲಿ ಶ್ಯಾವಿಗೆ, ಖರ್ಜೂರ, ಅತ್ತರಿನ ಸೀಸೆ. ಹೊಂಗೆ ಮರಗಳು ಹೊಸ ಎಲೆ ಬಿಟ್ಟು ರಸ್ತೆಗೆಲ್ಲ ಎಳೆ ಹಸಿರು ಬಳಿದಂತಿತ್ತು. ಹೀಗೆ ಊರಿಗೆ ಊರೇ ಚಿಗುರುವಾಗ ನಮ್ಮ ಕಾದಂಬರಿಯೊಂದು ಮಾತ್ರ ಮೂರನೆಯ ಅಧ್ಯಾಯದಲ್ಲಿ ಒಣಗಿ ನಿಂತಿತ್ತು.

ನಾವು ಎಂದರೆ ಇಲ್ಲಿ ನಾವೊಬ್ಬರೇ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತವರ ಚಾಳಿ ಇದು. ಅಲ್ಲಿ ಒಬ್ಬನೇ ಇದ್ದರೂ ‘ಹಮ್’ ಅನ್ನುತ್ತಾರೆ. ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದಾಗ ‘ನಾನು’ ಅನ್ನುವುದು ಏನೋ ಬಟ್ಟೆಯಿಲ್ಲದೆ ನಿಂತ ಹಾಗಾಗುತ್ತಿತ್ತು. ಮೇಷ್ಟ್ರು ತಿದ್ದಿ ತಿದ್ದಿ ಸೋತರು. ಮುಂದೆ ಕಥೆ ಬರೆಯತೊಡಗಿದಾಗ ಈ ‘ನಾವು’ ಬಹಳ ಅನುಕೂಲಕ್ಕೆ ಬಂತು. ತಪ್ಪು ಯಾರದೆಂದು ಸ್ಪಷ್ಟವಾಗಿ ಹೇಳದೆ ತಪ್ಪಿಸಿಕೊಳ್ಳಬಹುದಲ್ಲ.

ಮೂರು ಕಥಾಸಂಕಲನ ತಂದಿದ್ದೇವೆ. ನಾಲ್ಕು ಜನ ಓದಿದ್ದಾರೆ, ಇಬ್ಬರು ಹೊಗಳಿದ್ದಾರೆ. ಸಾಹಿತ್ಯ ಪರಿಷತ್ತಿನ ಅಂಗಳದಲ್ಲಿ ಸಿಕ್ಕಿದ ಮಿತ್ರರೆಲ್ಲ ಎರಡು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕಾದಂಬರಿ ಎಲ್ಲಿಗೆ ಬಂತು?” ನಮ್ಮ ಉತ್ತರವೂ ಒಂದೇ. ಮನೆಯ ಎದುರು ವೆಲ್ಡಿಂಗ್ ಅಂಗಡಿ, ಪಕ್ಕದಲ್ಲಿ ಆಟೋ ಗ್ಯಾರೇಜು, ಮೇಲೆ ಮಕ್ಕಳು ಕುಣಿಯುವ ಮನೆ. ಇಲ್ಲಿ ಕೂತು ಯಾರು ಕಾದಂಬರಿ ಬರೆಯುತ್ತಾರೆ? ಕಾರಂತರಿಗೆ ಪುತ್ತೂರಿನಲ್ಲಿ ಬಾಲವನವಿತ್ತು, ಆಮೇಲೆ ಸಾಲಿಗ್ರಾಮದ ಕಡಲಗಾಳಿ ಇತ್ತು. ವಸಂತದಲ್ಲಿ ಗೇರು, ಮಾವು ಹೂ ಬಿಟ್ಟಿದ್ದಾಗ ತೆಂಗಿನ ನೆರಳಲ್ಲಿ ಕೂತರೆ ಯಾರಿಗೆ ತಾನೆ ಕಾದಂಬರಿ ಬರುವುದಿಲ್ಲ?

ಈ ಮಾತನ್ನು ಈದ್ ದಿನ ಮನೆಗೆ ಬಂದವರೊಬ್ಬರ ಮುಂದೆ ಹೇಳುತ್ತಿದ್ದೆವು. ಒಳಗೆ ಶೀರ್ ಖುರ್ಮಾ ಬಡಿಸುತ್ತಿದ್ದ ಆಪಾ ಕೇಳಿಸಿಕೊಂಡಿರಬೇಕು. ಸಂಜೆ ಎಲ್ಲರೂ ಹೋದ ಮೇಲೆ ಕೈಯಲ್ಲಿ ಎರಡು ಸಾವಿರ ರೂಪಾಯಿ ಇಟ್ಟುಕೊಂಡು ಬಂದಳು. “ಜಾ ರೇ, ವಹಾಂಚ್ ಜಾ ಕೆ ಬೈಠ್ ಕೆ ಲಿಖ್” ಅಂದಳು. ಹೋಗು, ಅಲ್ಲೇ ಹೋಗಿ ಕೂತು ಬರಿ. ಅದು ಅವಳು ಮದುವೆ ಕಾರ್ಡು, ಮಿಠಾಯಿ ಡಬ್ಬ ಮಡಿಚಿ ಕೂಡಿಟ್ಟ ಹಣ. ಬೇಡ ಅನ್ನಲು ಬಾಯಿ ತೆರೆದೆವು. ಅನ್ನಲಿಲ್ಲ.

ಆಪಾಗೆ ನಲವತ್ತೆಂಟು, ನಮಗಿಂತ ಮೂರು ವರ್ಷ ದೊಡ್ಡವಳು. ಅವಳು ಮಡಿಚಲು ಶುರು ಮಾಡಿದ್ದು ಹೇಗೆಂದು ಹೇಳಬೇಕಾದರೆ ಅಬ್ಬಾನ ಕೆಲಸದ ಬಗ್ಗೆ ಹೇಳಬೇಕು.

ಅಬ್ಬಾ ಬುಕ್ ಬೈಂಡರ್. ಚಾಮರಾಜಪೇಟೆ, ಕಾಟನ್‌ಪೇಟೆ, ಬಳೇಪೇಟೆಯ ಪ್ರೆಸ್ಸುಗಳಿಂದ ಅಚ್ಚಾದ ಕಾಗದ ತರುತ್ತಿದ್ದರು. ಸೈಕಲ್ಲಿನ ಹಿಂದೆ ಹಗ್ಗದಿಂದ ಬಿಗಿದ ಕಟ್ಟು, ಮೇಲೆ ಮಳೆಗೆ ರೆಕ್ಸಿನ್ ಹೊದಿಕೆ. ಒಂದು ಹಾಳೆಯ ಎರಡೂ ಬದಿಯಲ್ಲಿ ಹದಿನಾರು ಪುಟ. ಅದನ್ನು ಮೂರು ಸಲ ಮಡಿಚಿದರೆ ಒಂದು ಫಾರಂ. ಇನ್ನೂರೈವತ್ತು ಪುಟದ ಪುಸ್ತಕವೆಂದರೆ ಸುಮಾರು ಹದಿನಾರು ಫಾರಂ. ಸಾವಿರ ಪ್ರತಿಯೆಂದರೆ ಹದಿನಾರು ಸಾವಿರ ಹಾಳೆ, ನಲವತ್ತೆಂಟು ಸಾವಿರ ಮಡಿಕೆ. ಯಂತ್ರವೆಲ್ಲಿತ್ತು? ಅಮ್ಮಿಯ ಕೈ, ಆಪಾಳ ಕೈ, ಚಿಕ್ಕಮ್ಮನ ಕೈ. ಬಿದಿರಿನ ಸಣ್ಣ ಪಟ್ಟಿಯಿಂದ ಒಂದು ಎಳೆತ ಎಳೆದರೆ ಮಡಿಕೆ ಚೂರಿಯಂತೆ ನಿಲ್ಲುತ್ತಿತ್ತು. ಆಮೇಲೆ ಗೋಡೆಗುಂಟ ಫಾರಂಗಳ ರಾಶಿ. ಒಂದೊಂದು ರಾಶಿಯಿಂದ ಒಂದೊಂದು ಎತ್ತುತ್ತ ಸಾಲಿನಲ್ಲಿ ನಡೆದರೆ ಕೊನೆ ಮುಟ್ಟುವಾಗ ಕೈಯಲ್ಲೊಂದು ಪುಸ್ತಕ. ಮೈದಾ ಅಂಟಿಗೆ ಮೈಲುತುತ್ತು ಹಾಕಿ ಕುದಿಸುವ ವಾಸನೆ ನಮ್ಮ ಬಟ್ಟೆಯಲ್ಲಿ, ಅನ್ನದಲ್ಲಿ, ಶಾಲೆಯ ಚೀಲದಲ್ಲಿ.

ಅಬ್ಬಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಕನ್ನಡದ ಅಂಕಿ ಮಾತ್ರ ಬರುತ್ತಿತ್ತು. ಪ್ರತಿ ಫಾರಂನ ಮೊದಲ ಪುಟದ ಬುಡದಲ್ಲಿ ಸಣ್ಣದಾಗಿ ಅದರ ಸಂಖ್ಯೆ ಇರುತ್ತದಲ್ಲ, ಅಷ್ಟು ಸಾಕು. ಜೀವಮಾನದಲ್ಲಿ ಎಷ್ಟು ಕನ್ನಡ ಕಾದಂಬರಿಗಳಿಗೆ ಬೆನ್ನು ಕಟ್ಟಿದರೋ ಲೆಕ್ಕವಿಲ್ಲ. ಒಂದನ್ನೂ ಓದಲಿಲ್ಲ. ನಾವು ಕನ್ನಡ ಓದಲು ಕಲಿತದ್ದು ಆ ರಾಶಿಗಳ ಮೇಲೆ ಕೂತು. ಹಾಗಾಗಿ ನಮ್ಮ ಬಾಲ್ಯದಲ್ಲಿ ಯಾವ ಕಥೆಗೂ ಮೊದಲು ಕೊನೆಯೆಂಬುದು ಇರಲಿಲ್ಲ. ಹದಿನೇಳನೆಯ ಪುಟದಲ್ಲಿ ಅರ್ಧ ವಾಕ್ಯದಿಂದ ಶುರುವಾಗಿ ಮೂವತ್ತೆರಡರಲ್ಲಿ ಅರ್ಧಕ್ಕೆ ನಿಲ್ಲುವುದೇ ಕಥೆ.

1990ರ ಬೇಸಿಗೆಗೆ ಮುಂಚೆ, ಇದೇ ಹೊಂಗೆ ಚಿಗುರುವ ಕಾಲ, ಮನೆಗೆ ಬಂದ ಕಟ್ಟು ‘ಮರಳಿ ಮಣ್ಣಿಗೆ’. ನಮಗೆ ಹತ್ತು ವರ್ಷ. ಕಾರಂತರೆಂದರೆ ಯಾರೆಂದು ಗೊತ್ತಿಲ್ಲ. ಓದಿದ ಫಾರಂನಲ್ಲಿ ಕಡಲಿತ್ತು, ಹೊಳೆಯಿತ್ತು, ಮಳೆಯಿತ್ತು. ಪಾರ್ವತಿ, ಸರಸೋತಿ ಅನ್ನುವ ಇಬ್ಬರು ಹೆಂಗಸರು ಇಡೀ ದಿನ ದುಡಿಯುತ್ತಿದ್ದರು. ಒಬ್ಬಳು ಮಕ್ಕಳಿಲ್ಲದ ಹೆಂಡತಿ, ಇನ್ನೊಬ್ಬಳು ಗಂಡನ ಮನೆಯಿಲ್ಲದೆ ಅಣ್ಣನ ಮನೆಯಲ್ಲಿ ಉಳಿದ ವಿಧವೆ. ಗಂಡಸು ರಾಮ ಐತಾಳರು ಪೌರೋಹಿತ್ಯಕ್ಕೆ ಊರೂರು ತಿರುಗುತ್ತಾರೆ. ಮನೆ ನಿಂತಿರುವುದು ಈ ಇಬ್ಬರ ಬೆನ್ನಿನ ಮೇಲೆ. ಮುಸ್ಲಿಮರ ಮನೆಯ ಹುಡುಗ, ಕಡಲನ್ನೇ ಕಾಣದವನು, ಆ ಬ್ರಾಹ್ಮಣ ಹೆಂಗಸರು ಯಾರೆಂದು ತಟ್ಟನೆ ಗುರುತಿಸಿದ. ಎದುರಿಗೇ ಕೂತು ಮಡಿಚುತ್ತಿದ್ದರಲ್ಲ.

ಆ ಫಾರಂ ಒಂದನ್ನು ನಾವು ಕದ್ದೆವು.

ಯಾಕೆ ಕದ್ದೆವೋ. ಪುಸ್ತಕ ಮುಗಿದು ಹೋಗಿಬಿಟ್ಟರೆ ಆ ಹೆಂಗಸರೂ ಸೈಕಲ್ಲಿನ ಮೇಲೆ ಹೋಗಿಬಿಡುತ್ತಾರೆ ಅನ್ನಿಸಿರಬೇಕು. ಟ್ರಂಕಿನ ತಳದಲ್ಲಿ ಅಮ್ಮಿಯ ನಿಕಾಹದ ದುಪಟ್ಟಾದ ಕೆಳಗೆ ಇಟ್ಟೆವು. ಲೆಕ್ಕದಲ್ಲಿ ಒಂದು ಪ್ರತಿ ಕಡಿಮೆ ಬಂತು. ಪ್ರೆಸ್ಸಿನವರು, ಅದರ ಹೆಸರು ಈಗ ಬೇಡ, ಒಂದು ಪ್ರತಿಯ ಬೆಲೆಯಲ್ಲ, ಇಡೀ ಕೆಲಸದ ಮಜೂರಿಯಲ್ಲೇ ಒಂದು ಪಾಲು ಹಿಡಿದುಕೊಂಡರು. ಫಾರಂ ಜೋಡಿಸುವ ಕೆಲಸ ಆಪಾಳದ್ದು. ಅಬ್ಬಾ ಹೊಡೆಯುವವರಲ್ಲ. ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದರು: “ಇವಳ ಧ್ಯಾನವೆಲ್ಲ ಸ್ಕೂಲಿನ ಮೇಲೆ. ಎರಡರಲ್ಲಿ ಒಂದೇ ಆಗುವುದು.” ಜೂನಿನಲ್ಲಿ ಶಾಲೆ ತೆರೆದಾಗ ನಾವು ಹೋದೆವು, ಆಪಾ ಹೋಗಲಿಲ್ಲ. ಆಗ ಅವಳು ಏಳನೆಯ ತರಗತಿ ಪಾಸಾಗಿದ್ದಳು.

ನಾವು ಬಾಯಿ ಬಿಡಲಿಲ್ಲ. ಮೂವತ್ತೈದು ವರ್ಷ ಬಿಡಲಿಲ್ಲ. ಅಬ್ಬಾ ತೀರಿಕೊಂಡರು, ಅಮ್ಮಿ ತೀರಿಕೊಂಡರು. ಆಪಾ ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಿರುಗಿ ಬಂದಳು. ನಾವು ಕಥೆಗಾರರಾದೆವು. ಮನೆಯ ಕಥೆಯನ್ನೇ ಕಾದಂಬರಿ ಮಾಡುತ್ತೇವೆಂದು ಹೊರಟು ಮೂರು ಅಧ್ಯಾಯ ಬರೆದಿದ್ದೆವು. ಸೈಕಲ್ಲು, ಅಂಟು, ಬಿದಿರಿನ ಪಟ್ಟಿ ಎಲ್ಲ ಬಂದಿತ್ತು. ನಾಲ್ಕನೆಯದರಲ್ಲಿ 1990 ಬರಬೇಕಿತ್ತು. ವೆಲ್ಡಿಂಗ್ ಅಂಗಡಿಯ ಸದ್ದು ಅಲ್ಲಿಂದ ಜೋರಾಗಿ ಕೇಳತೊಡಗಿತು.

ಏಪ್ರಿಲ್ ಮೊದಲ ವಾರ ರಾತ್ರಿ ಬಸ್ಸಿನಲ್ಲಿ ಪುತ್ತೂರಿಗೆ ಹೋದೆವು. ಪರ್ಲಡ್ಕದ ಬಾಲವನ ನಾವು ಅಂದುಕೊಂಡ ಹಾಗೆ ಪ್ರಶಾಂತವಾಗಿಯೇ ಇದೆ. ಆದರೆ ಅದು ಈಗಿನ ಶಾಂತಿ, ಸ್ಮಾರಕದ ಶಾಂತಿ. ಕಾರಂತರು ಅಲ್ಲಿದ್ದ ಸುಮಾರು ನಾಲ್ಕು ದಶಕದಲ್ಲಿ ಅಲ್ಲಿ ಏನೇನು ನಡೆಯಿತೆಂದು ನೆನೆಸಿಕೊಂಡರೆ ನಮ್ಮ ವೆಲ್ಡಿಂಗ್ ಅಂಗಡಿಯೇ ವಾಸಿ. ಮಕ್ಕಳಿಗೆ ಹೊಸ ರೀತಿಯ ಶಿಕ್ಷಣದ ಪ್ರಯೋಗ, ನಾಟಕ, ನೃತ್ಯ. ಊರಿನಲ್ಲಿ ದಸರಾ ನಾಡಹಬ್ಬ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ದಪ್ಪ ಸಂಪುಟಗಳು. ತಮ್ಮದೇ ಮುದ್ರಣಾಲಯ, ಅದಕ್ಕೆ ಮಗ ಹರ್ಷನ ಹೆಸರು. ತಮ್ಮ ಪುಸ್ತಕಗಳಿಗೆ ಮುಖಪುಟವನ್ನೂ ತಾವೇ ಬರೆಯುತ್ತಿದ್ದರು. 1936ರಲ್ಲಿ ಲೀಲಾ ಅವರೊಂದಿಗೆ ಜಾತಿ ಮೀರಿದ ಮದುವೆ, ಅದರ ಸುತ್ತಲಿನ ಗುಲ್ಲು. ಇದರ ನಡುವೆ 1933ರಲ್ಲಿ ‘ಚೋಮನ ದುಡಿ’, 1937ರಲ್ಲಿ ‘ಸರಸಮ್ಮನ ಸಮಾಧಿ’, ನಲವತ್ತರ ದಶಕದ ಆರಂಭದಲ್ಲಿ ‘ಮರಳಿ ಮಣ್ಣಿಗೆ’, 1943ರಲ್ಲಿ ‘ಬೆಟ್ಟದ ಜೀವ’. ಮೌನ ಬೇಕಾದ ಮನುಷ್ಯ ಮುದ್ರಣಾಲಯ ನಡೆಸುತ್ತಾನೆಯೇ?

ಬೈಂಡರನ ಮಗನಿಗೆ ಇನ್ನೊಂದು ಯೋಚನೆ ಬಂತು. ಆ ಪ್ರೆಸ್ಸಿನಲ್ಲಿ ಅಚ್ಚಾದ ಹಾಳೆಗಳನ್ನು ಪುತ್ತೂರಿನಲ್ಲೂ ಯಾರೋ ಕೂತು ಮಡಿಚಿರಬೇಕಲ್ಲ. ಅವರ ಹೆಸರು ಯಾವ ಪುಟದಲ್ಲಿದೆ? ಹರ್ಷ ಯೌವನದಲ್ಲೇ ತೀರಿಕೊಂಡರು. ಮಗನ ಹೆಸರು ಅಚ್ಚಾದ ಪುಸ್ತಕವನ್ನು ತಂದೆ ಮತ್ತೆ ಮತ್ತೆ ಕೈಯಲ್ಲಿ ಹಿಡಿಯಬೇಕಾಗಿ ಬಂದದ್ದು ನೆನೆದು ಸ್ವಲ್ಪ ಹೊತ್ತು ಅಲ್ಲೇ ಮರದ ಕೆಳಗೆ ಕೂತೆವು. ನೋಟ್ ಬುಕ್ ತೆರೆಯಲಿಲ್ಲ.

ಮರುದಿನ ಕೋಟಕ್ಕೆ ಹೋದೆವು. ಕಾರಂತರು ಹುಟ್ಟಿದ್ದು ಅಲ್ಲಿ, 1902ರ ಅಕ್ಟೋಬರ್ 10ರಂದು. ಎಪ್ಪತ್ತರ ದಶಕದಲ್ಲಿ ಪುತ್ತೂರು ಬಿಟ್ಟು ಬಂದು ನೆಲೆಸಿದ್ದು ಪಕ್ಕದ ಸಾಲಿಗ್ರಾಮದಲ್ಲಿ. ಹೆದ್ದಾರಿಯಿಂದ ಪಡುವಣಕ್ಕೆ ಇಳಿದರೆ ಗದ್ದೆ, ತೆಂಗು, ಹಿನ್ನೀರು, ಆಮೇಲೆ ಕೋಡಿಯ ಮರಳ ದಂಡೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ನಾಲಿಗೆಯ ಹಾಗೆ ಚಾಚಿದ ನೆಲ. ‘ಮರಳಿ ಮಣ್ಣಿಗೆ’ ನಡೆಯುವುದು ಇಲ್ಲೇ. ಸೀತಾ ನದಿ ದಕ್ಷಿಣಕ್ಕೆ ಹರಿದು ಸ್ವರ್ಣೆಯನ್ನು ಕೂಡಿ ಕಡಲು ಸೇರುತ್ತದೆ.

ಇಲ್ಲಿಯ ವಸಂತದ ಬಗ್ಗೆ ನಮಗಿದ್ದ ಕಲ್ಪನೆ ಉರ್ದು ಶಾಲೆಯ ಪಠ್ಯದಿಂದ ಬಂದದ್ದು. ಬಹಾರ್, ಬುಲ್‌ಬುಲ್, ಗುಲ್. ಹೋಗಿ ಇಳಿದರೆ ಬೆವರು. ಬೆಳಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟಿತು. ಗೇರುಹಣ್ಣು ನೆಲಕ್ಕೆ ಬಿದ್ದು ಹುಳಿಯುವ ವಾಸನೆ. ಗದ್ದೆಯಲ್ಲಿ ಭತ್ತ ಕುಯ್ದಾದ ಮೇಲೆ ಹಾಕಿದ ನೆಲಗಡಲೆ ಕೀಳುವ ಹೆಂಗಸರು. ಅಂಗಳದಲ್ಲಿ ಹಪ್ಪಳ, ಸಂಡಿಗೆ, ಒಣಮೀನು, ಉಪ್ಪಿಗೆ ಹಾಕಲು ಕಾದ ಮಿಡಿಮಾವು. ಕರಾವಳಿಯಲ್ಲಿ ವಸಂತವೆಂದರೆ ಮಳೆಗಾಲಕ್ಕೆ ಮುಂಚಿನ ದುಡಿಮೆ. ಜೂನಿನಿಂದ ನಾಲ್ಕು ತಿಂಗಳು ಹೊರಗೆ ಹೋಗಲಾಗದು. ಆಗ ಉರಿಸುವ ಕಟ್ಟಿಗೆ, ತಿನ್ನುವ ಉಪ್ಪಿನಕಾಯಿ, ಮಾಡಿಗೆ ಹೊದೆಸುವ ಮಡಲು ಎಲ್ಲ ಈಗಲೇ ಆಗಬೇಕು. ಕಾಡು ಹೂ ಬಿಟ್ಟಿರುವುದನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ. ರಾತ್ರಿ ಮಾತ್ರ ದೂರದಲ್ಲೆಲ್ಲೋ ಯಕ್ಷಗಾನದ ಚೆಂಡೆ. ದೀಪಾವಳಿಯ ಹೊತ್ತಿಗೆ ಹೊರಟ ಮೇಳಗಳ ತಿರುಗಾಟ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೂ ನಡೆಯುತ್ತದಲ್ಲ. ಹಗಲು ಬೆನ್ನು ಮುರಿದವರು ರಾತ್ರಿ ಕೂತು ರಾಜರ ಕಥೆ ನೋಡುತ್ತಾರೆ.

ಕೋಡಿಯ ದಾರಿಯಲ್ಲಿ ಒಬ್ಬ ಮುದುಕಿ ನೆರಳಿನಲ್ಲಿ ಕೂತು ತೆಂಗಿನ ಮಡಲು ಹೆಣೆಯುತ್ತಿದ್ದರು. ಕುಡಿಯಲು ನೀರು ಕೇಳಿದೆವು. ನೀರಿನ ಜೊತೆ ಬೆಲ್ಲ ಕೊಟ್ಟರು.

“ಹ್ವಾಯ್, ಊರ್ ಎಲ್ಲಾಯ್ತ್?”

“ಬೆಂಗಳೂರು, ಅಮ್ಮ.”

“ಎಂತಕ್ಕೆ ಬಂದದ್ದ್?”

ಬರೆಯಲು ಅಂದೆವು. ಕೈ ನಿಲ್ಲಿಸದೆ ಒಂದು ಸಲ ನಮ್ಮನ್ನು ನೋಡಿದರು.

“ಬರಿಯುಕೆ ಇಷ್ಟ್ ದೂರ ಬರ್ಕಾ?”

ಹೊಟ್ಟೆಕಿಚ್ಚಿನಿಂದಲೋ ಏನೋ ಅವರ ಕೈಯನ್ನೇ ನೋಡುತ್ತ ನಿಂತೆವು. ಎಡಗೈ ಗರಿ ಹಿಡಿಯುತ್ತದೆ, ಬಲಗೈ ಮಡಿಚಿ ಅಡಿಗೆ ತೂರಿಸುತ್ತದೆ, ಹೆಬ್ಬೆರಳು ಒತ್ತುತ್ತದೆ. ಆಪಾಳ ಹೆಬ್ಬೆರಳಿನಲ್ಲೂ ಅದೇ ಜಾಗದಲ್ಲಿ ದಡ್ಡುಗಟ್ಟಿದೆ. ಮುದುಕಿ ಮನೆಯಲ್ಲಿ ಯಾರಿದ್ದಾರೆಂದು ಕೇಳಿದರು. ಅಕ್ಕ ಇದ್ದಾಳೆ ಅಂದೆವು. ಅವಳು ಏನು ಮಾಡುತ್ತಾಳೆಂದು ಕೇಳಿದರು. ಸಲೀಸಾದ ಪ್ರಶ್ನೆ. ಡಬ್ಬ ಮಡಿಚುತ್ತಾಳೆ ಅನ್ನಬೇಕಿತ್ತು. “ಓದಿದ್ದರೆ ಟೀಚರ್ ಆಗುತ್ತಿದ್ದಳು” ಅಂದುಬಿಟ್ಟೆವು. ಅವರಿಗೆ ಅರ್ಥವಾಗಲಿಲ್ಲ, ಇನ್ನೊಂದು ಚೂರು ಬೆಲ್ಲ ಕೊಟ್ಟರು.

ಆ ರಾತ್ರಿ ಕುಂದಾಪುರದ ಲಾಡ್ಜಿನಲ್ಲಿ ಫ್ಯಾನಿನ ಕೆಳಗೆ ಮಲಗಿ ಕಾರಂತರನ್ನು ಬಿಟ್ಟು ಸಾರಾ ಅಬೂಬಕ್ಕರ್ ಅವರನ್ನು ನೆನೆಸಿಕೊಂಡೆವು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದವರು. ನಾಲ್ಕು ಗಂಡುಮಕ್ಕಳ ತಾಯಿ. ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೆ ನಲವತ್ತೈದು, ಅಂದರೆ ಈಗ ನಮಗಿರುವ ವಯಸ್ಸು. ಅದು ಅವರ ಮೊದಲ ಕಾದಂಬರಿ. ಅವರಿಗೆ ಯಾವ ಬಾಲವನ? ಚಂದ್ರಗಿರಿ ಹೊಳೆಯ ದಡದ ನಾದಿರಾಳ ಕಥೆ, ತಂದೆಯ ಹಟಕ್ಕೆ ತಲಾಖ್ ಆಗಿ, ಗಂಡನ ಬಳಿಗೆ ಮರಳುವ ದಾರಿಯ ನಿಯಮಗಳಿಗೆ ಸಿಕ್ಕಿ, ಕೊನೆಗೆ ಮಸೀದಿಯ ಕೆರೆಯಲ್ಲಿ ಮುಳುಗಿದವಳ ಕಥೆ, ಅಡುಗೆಮನೆ ದಾಟಿ ಬಂದು ಅಚ್ಚಾದದ್ದು ಬಸವನಗುಡಿಯ ಪತ್ರಿಕೆಯಲ್ಲಿ. ಪೂರ್ವ ಆಂಜನೇಯ ದೇವಸ್ಥಾನ ಬೀದಿಯ ಆ ಕಚೇರಿಯ ಮುಂದೆ ಅಬ್ಬಾನ ಸೈಕಲ್ಲು ಎಷ್ಟು ಸಲ ಹಾದುಹೋಗಿರಬಹುದು. ಸಾರಾ ಅವರಿಗೆ ಮುಂದೆ ಬೈಗುಳವೂ ಸಿಕ್ಕಿತು, ಓದುಗರೂ ಸಿಕ್ಕಿದರು, ಬರೆಯುವುದನ್ನು ಬಿಡಲಿಲ್ಲ. 2023ರ ಜನವರಿ 10ರಂದು ಮಂಗಳೂರಿನಲ್ಲಿ ತೀರಿಕೊಂಡರು. ನಮಗೆ ಗೊತ್ತಿರುವ ಹಿರಿಯರೊಬ್ಬರು, ‘ಮನೆಯ ಮಾತು ಬೀದಿಗೆ ತಂದಳು’ ಎಂದು ಅವರ ಮೇಲೆ ಇವತ್ತಿಗೂ ಮುನಿಸಿಕೊಂಡಿದ್ದಾರೆ. ನಮ್ಮ ತೊಂದರೆ ಅದರ ತದ್ವಿರುದ್ಧ. ಬೀದಿಯ ಮಾತನ್ನೆಲ್ಲ ಕಥೆ ಮಾಡಿ ಮನೆಯ ಮಾತನ್ನು ಟ್ರಂಕಿನಲ್ಲಿಟ್ಟವರು ನಾವು.

ಕಾರಂತರ ಕೊನೆಯ ವರ್ಷಗಳೂ ನೆನಪಾದವು. 1986ರಲ್ಲಿ ಲೀಲಾ ಹೋದರು. ಸಾಲಿಗ್ರಾಮದಲ್ಲಿ ಅವರು ಬಾಯಲ್ಲಿ ಹೇಳುತ್ತಿದ್ದರು, ಮಾಲಿನಿ ಮಲ್ಯ ಬರೆದುಕೊಳ್ಳುತ್ತಿದ್ದರು. 1989ರಲ್ಲಿ, ಎಂಬತ್ತೇಳರ ಅಂಚಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭೆ ಚುನಾವಣೆಗೆ ನಿಂತರು. ಗೆಲ್ಲಲಿಲ್ಲ. ತೆಂಗಿನ ನೆರಳಲ್ಲಿ ಕೂತವರ ಜಾತಕವಂತೂ ಇದಲ್ಲ.

ಐದು ದಿನ ಇರಬೇಕೆಂದು ಹೋದವರು ಮೂರನೆಯ ದಿನ ಬಸ್ಸು ಹತ್ತಿದೆವು. ಹಣವೂ ಸ್ವಲ್ಪ ಉಳಿಯಿತು.

ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದವರು ನೇರ ಮನೆಗೆ ಹೋಗಲು ಧೈರ್ಯ ಬಾರದೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಕೂತೆವು. 1943ರಿಂದ ಇರುವ ಹೋಟೆಲು, ಕಟ್ಟಿದವರು ಅದೇ ಕರಾವಳಿಯ ಉರಾಳರು. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನ ಮಯ್ಯರೂ ಆ ಕಡೆಯವರೇ, 1924ರಷ್ಟು ಹಿಂದೆಯೇ ಹೋಟೆಲು ತೆರೆದವರು. ‘ಮರಳಿ ಮಣ್ಣಿಗೆ’ಯಲ್ಲೂ ಶೀನ ಮಯ್ಯರ ಮನೆಯ ಹುಡುಗರು ಬೆಂಗಳೂರಿಗೆ ಬಂದು ಹೋಟೆಲು ಹಾಕಿ ದುಡ್ಡು ಮಾಡುತ್ತಾರೆ, ಊರಿನಲ್ಲಿ ರಾಮ ಐತಾಳರಿಗೆ ಅದನ್ನು ನೋಡಿ ನಿದ್ದೆ ಬರುವುದಿಲ್ಲ. ಅವರು ದೋಸೆ ಹಿಡಿದು ಇಲ್ಲಿಗೆ ಬಂದರು, ನಾವು ಕಾದಂಬರಿ ಹುಡುಕಿಕೊಂಡು ಅಲ್ಲಿಗೆ ಹೋದೆವು. ಲಾಭವಾದದ್ದು ಯಾರಿಗೆಂದು ಹೇಳಬೇಕಾಗಿಲ್ಲ.

ಮನೆಗೆ ಬಂದಾಗ ಆಪಾ ಡಬ್ಬ ಮಡಿಚುತ್ತಿದ್ದಳು. ಬೇಗ ಬಂದದ್ದೇಕೆಂದು ಕೇಳಲಿಲ್ಲ. ಚಹಾ ಕೊಟ್ಟಳು. ನಾವು ಟ್ರಂಕು ತೆರೆದು, ದುಪಟ್ಟಾ ಎತ್ತಿ, ಹಳದಿ ತಿರುಗಿದ ಆ ಫಾರಂ ತೆಗೆದು ಅವಳ ಮುಂದಿಟ್ಟೆವು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆವು, ಶಿರಾಡಿ ಘಾಟಿಯ ಪ್ರತಿ ತಿರುವಿಗೆ ಒಂದೊಂದು ವಾಕ್ಯ. ಬಾಯಿಗೆ ಬಂದದ್ದು ಇಷ್ಟೇ: “ಆಪಾ, ಮೈನೇ ಲಿಯಾ ಥಾ.” ನಾನು ತೆಗೆದುಕೊಂಡಿದ್ದೆ. ಆ ದಿನ ‘ಹಮ್’ ಅನ್ನಲಾಗಲಿಲ್ಲ.

“ಮಾಲೂಮ್ ಹೈ” ಅಂದಳು. ಗೊತ್ತು. ಆ ವಾರವೇ ದುಪಟ್ಟಾಗೆ ಬಿಸಿಲು ತೋರಿಸಲು ತೆಗೆದಾಗ ನೋಡಿದ್ದಳಂತೆ.

“ಅಬ್ಬಾಗೆ ಯಾಕೆ ಹೇಳಲಿಲ್ಲ?”

“ಹೇಳಿದರೆ ನಿನ್ನ ಶಾಲೆಯೂ ಬಿಡಿಸುತ್ತಿದ್ದರು.” ಆಮೇಲೆ, ಸ್ವಲ್ಪ ತಡೆದು, “ಆದರೂ ನೀನಾಗಿ ಹೇಳುತ್ತೀಯೇನೋ ಅಂತ ಒಂದು ವರ್ಷ ಕಾದೆ” ಅಂದಳು. ಅದನ್ನು ಹೇಳುವಾಗಲೂ ಕೈಯಲ್ಲಿದ್ದ ಡಬ್ಬದ ನಾಲ್ಕು ಮೂಲೆ ಸರಿ ಮಾಡಿದಳು. ಸಿಟ್ಟಿದೆಯೇ ಎಂದು ಕೇಳಿದೆವು. ಇದೆ ಅಂದಳು.

ಓದು ಅಂದಳು. ಅವಳಿಗೆ ಉರ್ದು ಬರುತ್ತದೆ, ಕನ್ನಡದ ಬೋರ್ಡು ಓದುತ್ತಾಳೆ, ಪುಟ ಓದುವುದು ಕಷ್ಟ. ಅರ್ಧ ವಾಕ್ಯದಿಂದ ಶುರು ಮಾಡಿ ಹದಿನಾರು ಪುಟ ಓದಿದೆವು. ತಿಳಿಯದ ಕಡೆ ದಖನಿಯಲ್ಲಿ ಹೇಳಿದೆವು. ಸರಸೋತಿ ಬಂದಲ್ಲೆಲ್ಲ ಆಪಾ ತಲೆಯಾಡಿಸುತ್ತಿದ್ದಳು. ಎದುರಿನ ಅಂಗಡಿಯಲ್ಲಿ ವೆಲ್ಡಿಂಗ್ ನಡೆದಿತ್ತು, ಗಟ್ಟಿಯಾಗಿ ಓದಬೇಕಾಯಿತು. ಅರ್ಧ ವಾಕ್ಯಕ್ಕೆ ಫಾರಂ ಮುಗಿಯಿತು.

“ಮುಂದೆ?”

ಮುಂದಿನದನ್ನು ಪುಸ್ತಕ ತಂದು ಓದುತ್ತೇನೆ ಅಂದೆವು. ನಮ್ಮದೂ ನಾಲ್ಕನೆಯ ಅಧ್ಯಾಯ ಇದೆ, ಅದರಲ್ಲಿ ನೀನಿರುತ್ತೀಯ, ಬರೆಯಲೇ ಅಂತಲೂ ಕೇಳಿದೆವು. ಅದಕ್ಕೆ ಉತ್ತರ ಕೊಡಲಿಲ್ಲ. ಫಾರಂ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಬೆನ್ನಿನ ಮಡಿಕೆಯ ಮೇಲೆ ಹೆಬ್ಬೆರಳು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಎಳೆದಳು.

“ಇದು ನನ್ನ ಮಡಿಕೆಯಲ್ಲ” ಅಂದಳು. “ಅಮ್ಮಿಯದು.”